600 ರೂಬಲ್‌ಗಳ ಋಣ

ವಿಜ್ಞಾನ ಓದುವ ನಮಗೆ ಮೇರಿ ಕ್ಯೂರಿ ಹೊಸ ಹೆಸರಲ್ಲ. ಎರಡು ನೊಬೆಲ್ ಪ್ರಶಸ್ತಿ, ಪೊಲೋನಿಯಂ, ರೇಡಿಯಂ. ಇಷ್ಟು ಹೈಸ್ಕೂಲಿನಲ್ಲೇ ಬಾಯಿಪಾಠವಾಗಿರುತ್ತದೆ. ಕ್ವಿಜ್‌ನಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರ ಹೇಳದವರು ಕಡಿಮೆ. ಈ ಸಂಚಿಕೆಗೆ ಅವರ ಬಗ್ಗೆ ಬರೆಯಲು ಕಾರಣ ಬೇರೆ. ಇದು ಸ್ಕಾಲರ್‌ಶಿಪ್ ಅರ್ಜಿಗಳ ಕಾಲ. ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಪಾಸ್‌ಬುಕ್ಕಿನ ಜೆರಾಕ್ಸ್ ಹಿಡಿದು ಆಫೀಸಿನ ಕಿಟಕಿಯ ಮುಂದೆ ನಿಂತವರಲ್ಲಿ ನಾನೂ ಒಬ್ಬಳಾಗಿದ್ದೆ. ಸಾಲು ಮುಂದೆ ಹೋಗುತ್ತಿರಲಿಲ್ಲ. ಕೈಯಲ್ಲಿ ಲೈಬ್ರರಿಯಿಂದ ತಂದ ಮೇರಿ ಕ್ಯೂರಿಯವರ ಜೀವನಚರಿತ್ರೆ ಇತ್ತು. ಓದುತ್ತಾ ಹೋದಂತೆ ಆ ಪುಸ್ತಕದ ಪುಟಪುಟದಲ್ಲೂ ಹಣದ ಮಾತು ಕಾಣತೊಡಗಿತು. ಯಾರು ಕೊಟ್ಟರು, ಯಾವಾಗ ಕೊಟ್ಟರು, ಎಷ್ಟು ಕೊಟ್ಟರು? ಕೊಡುವಾಗ ಅವರಿಗೆ ಈ ಹುಡುಗಿಯ ಬಗ್ಗೆ ಏನು ಗೊತ್ತಿತ್ತು? ಆ ಲೆಕ್ಕದ ದಾರಿಯಲ್ಲೇ ಅವರ ಕಥೆ ಹೇಳಿ ನೋಡೋಣ ಅನ್ನಿಸಿತು.

1867ರ ನವೆಂಬರ್ 7ರಂದು ಪೋಲೆಂಡಿನ ವಾರ್ಸಾದಲ್ಲಿ ಮರಿಯಾ ಸ್ಕ್ಲೊಡೊವ್ಸ್ಕಾ ಹುಟ್ಟಿದಳು. ಐದು ಮಕ್ಕಳಲ್ಲಿ ಕೊನೆಯವಳು. ಆಗ ವಾರ್ಸಾ ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಶಾಲೆಯಲ್ಲಿ ಪೋಲಿಷ್ ಮಕ್ಕಳೂ ರಷ್ಯನ್ ಭಾಷೆಯಲ್ಲೇ ಕಲಿಯಬೇಕು. ತಂದೆ ಭೌತಶಾಸ್ತ್ರ ಮತ್ತು ಗಣಿತದ ಮೇಷ್ಟ್ರು. ತಾಯಿ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸುತ್ತಿದ್ದವರು. ಮರಿಯಾಗೆ ಹತ್ತು ವರ್ಷವಿರುವಾಗ ತಾಯಿ ಕ್ಷಯರೋಗದಿಂದ ತೀರಿಕೊಂಡರು. ಅದಕ್ಕೂ ಎರಡು ವರ್ಷ ಮೊದಲು ದೊಡ್ಡಕ್ಕ ಟೈಫಸ್ ಜ್ವರಕ್ಕೆ ಬಲಿಯಾಗಿದ್ದಳು. ತಂದೆ ಉಳಿಸಿದ್ದ ಹಣವನ್ನೆಲ್ಲ ಯಾವುದೋ ವ್ಯವಹಾರದಲ್ಲಿ ಹಾಕಿ ಕಳೆದುಕೊಂಡಿದ್ದರು. ಮನೆಯಲ್ಲಿ ಹುಡುಗರನ್ನು ಊಟ-ವಸತಿಗೆ ಇಟ್ಟುಕೊಂಡು, ಪಾಠ ಹೇಳಿ ಸಂಸಾರ ನಡೆಸುವ ಸ್ಥಿತಿ.

1883ರಲ್ಲಿ ಮರಿಯಾ ಚಿನ್ನದ ಪದಕದೊಂದಿಗೆ ಶಾಲೆ ಮುಗಿಸಿದಳು. ಮುಂದೆ? ವಾರ್ಸಾ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ. ಪ್ಯಾರಿಸ್‌ಗೆ ಹೋಗಿ ಓದಬಹುದಿತ್ತು, ಅದಕ್ಕೆ ದುಡ್ಡು ಬೇಕು. ಅಕ್ಕ ಬ್ರೋನ್ಯಾಳಿಗೂ ವೈದ್ಯಕೀಯ ಓದುವ ಆಸೆ. ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸ್‌ಗೆ ಹೋಗುವುದು, ತಂಗಿ ದುಡಿದು ಹಣ ಕಳಿಸುವುದು. ಅಕ್ಕ ಡಾಕ್ಟರಾದ ಮೇಲೆ ತಂಗಿಯನ್ನು ಕರೆಸಿಕೊಳ್ಳುವುದು. ಈ ಕಥೆಯಲ್ಲಿ ಬರುವ ಮೊದಲ ವಿದ್ಯಾರ್ಥಿವೇತನ ಇದು. ಕೊಟ್ಟವಳು ಹದಿನೆಂಟರ ಹುಡುಗಿ, ಪಡೆದವಳು ಅವಳ ಅಕ್ಕ.

1886ರಲ್ಲಿ ಮರಿಯಾ ವಾರ್ಸಾದಿಂದ ದೂರದ ಒಂದು ಹಳ್ಳಿಗೆ ಹೋದಳು. ಅಲ್ಲಿ ಒಂದು ಜಮೀನ್ದಾರಿ ಮನೆತನದ ಮಕ್ಕಳಿಗೆ ಮನೆಯಲ್ಲೇ ಇದ್ದು ಪಾಠ ಹೇಳುವ ಕೆಲಸ. ಸಂಬಳ ವರ್ಷಕ್ಕೆ 500 ರೂಬಲ್. ಸುತ್ತ ಸಕ್ಕರೆ ಗೆಡ್ಡೆಯ ಹೊಲಗಳು. ಬಿಡುವಿನಲ್ಲಿ ಅವಳು ಊರಿನ ರೈತರ ಮಕ್ಕಳನ್ನು ಕೂರಿಸಿಕೊಂಡು ಪೋಲಿಷ್ ಅಕ್ಷರ ಕಲಿಸುತ್ತಿದ್ದಳು. ಸಿಕ್ಕಿಬಿದ್ದರೆ ಶಿಕ್ಷೆ ಖಂಡಿತವಿದ್ದ ಕೆಲಸ ಅದು. ರಾತ್ರಿ ತನ್ನ ಓದು: ಗಣಿತ, ಭೌತಶಾಸ್ತ್ರ. ಆ ಮನೆಯ ಹಿರಿಯ ಮಗ ಅವಳನ್ನು ಮದುವೆಯಾಗಲು ಬಯಸಿದ. ಬಡ ಪಾಠದವಳು ಸೊಸೆಯಾಗುವುದು ಮನೆಯವರಿಗೆ ಒಪ್ಪಿಗೆಯಾಗಲಿಲ್ಲ. ಆಮೇಲೂ ಅವಳು ಆ ಕೆಲಸ ಬಿಡಲಿಲ್ಲ, ಬಿಟ್ಟಿದ್ದರೆ ಅಕ್ಕನಿಗೆ ಹಣ ಹೋಗುತ್ತಿರಲಿಲ್ಲ.

1891ರ ನವೆಂಬರಿನಲ್ಲಿ ಅವಳ ಸರದಿ ಬಂತು. ರೈಲಿನ ಅತಿ ಅಗ್ಗದ ಬೋಗಿಯಲ್ಲಿ ಕೂರಲು ಮಡಿಸುವ ಕುರ್ಚಿ, ಹೊದೆಯಲು ಕಂಬಳಿ ಮನೆಯಿಂದಲೇ ಹೊತ್ತು ಹೋದಳು. ಸೊರ್ಬೋನ್ ವಿಶ್ವವಿದ್ಯಾಲಯದಲ್ಲಿ ಹೆಸರು ಬರೆಸುವಾಗ ಮರಿಯಾ ಫ್ರೆಂಚ್ ರೀತಿಯಲ್ಲಿ ಮೇರಿಯಾದರು. ಮೊದಲು ಅಕ್ಕನ ಮನೆಯಲ್ಲಿದ್ದವರು ಆಮೇಲೆ ವಿಶ್ವವಿದ್ಯಾಲಯದ ಹತ್ತಿರ ಕೋಣೆ ಹಿಡಿದರು. ಆರನೇ ಮಹಡಿ, ಛಾವಣಿಯ ಕೆಳಗಿನ ಗೂಡಿನಂಥ ಕೋಣೆ. ತಿಂಗಳಿಗೆ 40 ರೂಬಲ್, ಅಂದರೆ ದಿನಕ್ಕೆ ಸುಮಾರು 3 ಫ್ರಾಂಕ್. ಅದರಲ್ಲೇ ಬಾಡಿಗೆ, ಊಟ, ಪುಸ್ತಕ, ಕಲ್ಲಿದ್ದಲು. ಚಳಿಗಾಲದಲ್ಲಿ ಪಾತ್ರೆಯ ನೀರು ಹೆಪ್ಪುಗಟ್ಟುತ್ತಿತ್ತು. ಬ್ರೆಡ್ಡು, ಚಹಾ ಬಿಟ್ಟು ಬೇರೇನೂ ತಿನ್ನದೆ ಒಮ್ಮೆ ತಲೆತಿರುಗಿ ಬಿದ್ದದ್ದೂ ಉಂಟು. ಡಾಕ್ಟರ್ ಭಾವ ಓಡಿ ಬಂದು ನೋಡಿದರೆ ಕೋಣೆಯಲ್ಲಿ ತಿನ್ನುವ ಪದಾರ್ಥವೇ ಇಲ್ಲ. 1893ರಲ್ಲಿ ಭೌತಶಾಸ್ತ್ರದ ಪದವಿ ಪರೀಕ್ಷೆಯಲ್ಲಿ ಮೇರಿ ಮೊದಲ ಸ್ಥಾನ ಪಡೆದರು.

ಇಂಥ ಕಷ್ಟದ ಕಥೆಗಳನ್ನು ಹೇಳುವಾಗ ನಾವು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ ನೊಬೆಲ್‌ಗೆ ಹಾರಿಬಿಡುತ್ತೇವೆ. ಹಸಿದು ಓದಿದರು, ಗೆದ್ದರು, ಮುಗಿಯಿತು. ನಿಜವಾಗಿ 1893ರ ಬೇಸಿಗೆಯಲ್ಲಿ ಅವರ ಬಳಿ ಹಣ ಮುಗಿದಿತ್ತು. ಗಣಿತದ ಪದವಿಯನ್ನೂ ಪಡೆಯುವ ಆಸೆ ಇತ್ತು, ಪ್ಯಾರಿಸ್‌ಗೆ ವಾಪಸು ಬರುವ ದಾರಿ ಇರಲಿಲ್ಲ. ಆಗ ವಾರ್ಸಾದ ಪರಿಚಿತ ಮಹಿಳೆಯೊಬ್ಬರು ಮುಂದಾಗಿ ಓಡಾಡಿ, ವಿದೇಶದಲ್ಲಿ ಓದು ಮುಂದುವರಿಸುವ ಪ್ರತಿಭಾವಂತರಿಗಾಗಿ ಇದ್ದ ಅಲೆಕ್ಸಾಂಡ್ರೊವಿಚ್ ವಿದ್ಯಾರ್ಥಿವೇತನವನ್ನು ಮೇರಿಗೆ ಕೊಡಿಸಿದರು. ಮೊತ್ತ 600 ರೂಬಲ್. ಅದನ್ನು ಅವರು ಹದಿನೈದು ತಿಂಗಳಿಗೆ ಎಳೆದು ಹೊಂದಿಸಿದರು. 1894ರಲ್ಲಿ ಗಣಿತದ ಪದವಿ ಎರಡನೇ ಸ್ಥಾನದೊಂದಿಗೆ ಕೈಗೆ ಬಂತು.

ಆ ಹಣ ಕೊಟ್ಟವರಿಗೆ ರೇಡಿಯಂ ಗೊತ್ತಿರಲಿಲ್ಲ. ಆಗ ಯಾರಿಗೂ ಗೊತ್ತಿರಲಿಲ್ಲ. ಅವರ ಮುಂದಿದ್ದದ್ದು ಒಂದು ಅಂಕಪಟ್ಟಿ, ಒಂದು ಶಿಫಾರಸು, ಅಷ್ಟೆ.

ಆ ವರ್ಷವೇ ಮೇರಿಗೆ ಮೊದಲ ಸಂಶೋಧನಾ ಕೆಲಸ ಸಿಕ್ಕಿತು. ಫ್ರಾನ್ಸಿನ ಕೈಗಾರಿಕೆಗಳಿಗೆ ಪ್ರೋತ್ಸಾಹ ಕೊಡುವ ಒಂದು ಸಂಘ, ಬೇರೆಬೇರೆ ಬಗೆಯ ಉಕ್ಕಿನ ಕಾಂತಗುಣಗಳನ್ನು ಅಳೆದು ಕೊಡಲು ಅವರಿಗೆ ಹಣ ಕೊಟ್ಟಿತು. ಅಳೆಯಲು ಜಾಗ ಹುಡುಕುವಾಗ ಪರಿಚಯವಾದವರೇ ಪಿಯೆರ್ ಕ್ಯೂರಿ. ಪ್ಯಾರಿಸ್ ನಗರದ ಭೌತ ಮತ್ತು ರಸಾಯನ ವಿಜ್ಞಾನದ ಕೈಗಾರಿಕಾ ಕಾಲೇಜಿನಲ್ಲಿ ಅವರು ಮೇಷ್ಟ್ರು. 1895ರ ಜುಲೈನಲ್ಲಿ ಇಬ್ಬರ ಸರಳ ವಿವಾಹವಾಯಿತು. ಮದುವೆಗೆ ಉಡುಗೊರೆಯಾಗಿ ಬಂದ ಹಣದಲ್ಲಿ ಎರಡು ಸೈಕಲ್ ಕೊಂಡು ಊರೂರು ಸುತ್ತಿದರು.

ಉಕ್ಕಿನ ಅಧ್ಯಯನಕ್ಕೆ ಸಂಭಾವನೆ ಬಂದಾಗ ಮೇರಿ ಮಾಡಿದ ಕೆಲಸ ನನಗೆ ಇಡೀ ಪುಸ್ತಕದಲ್ಲಿ ಬಹಳ ಇಷ್ಟವಾದದ್ದು. ಅದರಿಂದ 600 ರೂಬಲ್ ಕೂಡಿಸಿ, ವಿದ್ಯಾರ್ಥಿವೇತನ ಕೊಟ್ಟವರಿಗೆ ಹಿಂದಿರುಗಿಸಿದರು. ಅದು ಸಾಲವಾಗಿರಲಿಲ್ಲ. ವಾಪಸು ಕೊಡಬೇಕೆಂಬ ನಿಯಮವೂ ಇರಲಿಲ್ಲ. ಹಾಗೆ ಯಾರೂ ಕೊಟ್ಟಿರಲಿಲ್ಲವಾದ್ದರಿಂದ ಆ ನಿಧಿಯ ಕಾರ್ಯದರ್ಶಿ ಚಕಿತರಾದರಂತೆ. ಮೇರಿಯವರ ಲೆಕ್ಕ ಬೇರೆಯೇ ಇತ್ತು. ಆ ಹಣ ತನ್ನ ಬಳಿ ಉಳಿದಷ್ಟು ದಿನ ತನ್ನಂತೆ ದಾರಿ ಕಾಣದೆ ನಿಂತ ಇನ್ನೊಬ್ಬ ವಿದ್ಯಾರ್ಥಿಗೆ ಅದು ಸಿಗುವುದಿಲ್ಲ ಎಂಬುದು ಅವರ ಮನಸ್ಸಿನಲ್ಲಿತ್ತು. ಆಗಿನ್ನೂ ಅವರದು ತಿಂಗಳಿಗೆ 500 ಫ್ರಾಂಕಿನ ಸಂಸಾರ, ಅದೂ ಗಂಡನ ಸಂಬಳ.

1897ರಲ್ಲಿ ಮೊದಲ ಮಗಳು ಐರೀನ್ ಹುಟ್ಟಿದಳು. ಮಾವ ಡಾಕ್ಟರ್ ಯೂಜೀನ್ ಕ್ಯೂರಿ ಜೊತೆಗೆ ಬಂದು ಇದ್ದು ಮಗುವನ್ನು ನೋಡಿಕೊಂಡರು. ಅವರಿಲ್ಲದಿದ್ದರೆ ಮುಂದಿನದು ನಡೆಯುತ್ತಿತ್ತೋ ಇಲ್ಲವೋ. ಯಾವ ಅನುದಾನದ ಲೆಕ್ಕದಲ್ಲೂ ಇಂಥ ಮಾವಂದಿರ ಹೆಸರು ಇರುವುದಿಲ್ಲ.

ಈಗ ಡಾಕ್ಟರೇಟಿಗೆ ವಿಷಯ ಬೇಕು. ಹಿಂದಿನ ವರ್ಷ ಹೆನ್ರಿ ಬೆಕ್ವೆರೆಲ್, ಯುರೇನಿಯಂ ಲವಣಗಳಿಂದ ತಾವಾಗಿಯೇ ಕಿರಣಗಳು ಹೊರಡುತ್ತವೆ ಎಂದು ಕಂಡುಕೊಂಡಿದ್ದರು. ಆಗ ಎಲ್ಲರ ಗಮನ ಎಕ್ಸ್-ಕಿರಣದ ಮೇಲಿತ್ತು, ಯುರೇನಿಯಂ ಕಿರಣವನ್ನು ಹೆಚ್ಚಿನವರು ಮರೆತೇಬಿಟ್ಟಿದ್ದರು. ಮೇರಿ ಅದನ್ನೇ ಆರಿಸಿಕೊಂಡರು. ಕೆಲಸಕ್ಕೆ ಸಿಕ್ಕಿದ್ದು ಪಿಯೆರ್ ಅವರ ಕಾಲೇಜಿನ ಒಂದು ಉಗ್ರಾಣದ ಕೋಣೆ. 1898ರ ಫೆಬ್ರುವರಿಯ ಒಂದು ದಿನ ಅಲ್ಲಿನ ಉಷ್ಣಾಂಶ 6.25 ಡಿಗ್ರಿ ಎಂದು ಅವರೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ.

ಅವರ ವಿಧಾನವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ವಿಷಯ ಇರುವುದೇ ಅಲ್ಲಿ. ಯುರೇನಿಯಂ ಕಿರಣಗಳು ತಾಗಿದಾಗ ಗಾಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಎರಡು ಲೋಹದ ತಟ್ಟೆಗಳ ನಡುವೆ ಪುಡಿಯನ್ನು ಹರಡಿದರೆ ಅತಿ ಸಣ್ಣ ವಿದ್ಯುತ್ ಪ್ರವಾಹ ಹುಟ್ಟುತ್ತದೆ. ಅಷ್ಟು ಸಣ್ಣದನ್ನು ಅಳೆಯುವುದು ಹೇಗೆ? ಹದಿನೇಳು ವರ್ಷ ಮೊದಲೇ ಪಿಯೆರ್ ಮತ್ತು ಅವರ ಅಣ್ಣ ಜಾಕ್, ಕ್ವಾರ್ಟ್ಜ್ ಹರಳನ್ನು ಒತ್ತಿದರೆ ಅಥವಾ ಎಳೆದರೆ ಅದರಲ್ಲಿ ವಿದ್ಯುದಂಶ ಹುಟ್ಟುತ್ತದೆ ಎಂದು ಕಂಡುಹಿಡಿದಿದ್ದರು. ಹರಳಿಗೆ ತೂಕ ತೂಗುಹಾಕಿ, ಅದರ ವಿದ್ಯುದಂಶದಿಂದ ಪುಡಿಯ ಪ್ರವಾಹವನ್ನು ಸರಿದೂಗಿಸಿ, ಗಡಿಯಾರದಲ್ಲಿ ಹೊತ್ತು ನೋಡಿದರೆ ಅಳತೆ ಸಿಕ್ಕಿತು. ಮೇರಿ ಸಿಕ್ಕ ಸಿಕ್ಕ ಲೋಹ, ಲವಣ, ಕಲ್ಲುಗಳನ್ನೆಲ್ಲ ತಂದು ಹೀಗೆ ಅಳೆದರು. ಶುದ್ಧ ಯುರೇನಿಯಂಗಿಂತ ಪಿಚ್‌ಬ್ಲೆಂಡ್ ಎಂಬ ಅದಿರು ಸುಮಾರು ನಾಲ್ಕು ಪಟ್ಟು ಜೋರಾಗಿತ್ತು. ಯುರೇನಿಯಂನ ಅದಿರು ಯುರೇನಿಯಂಗಿಂತ ಜೋರಾಗಿರುವುದು ಹೇಗೆ? ಅಳತೆಯಲ್ಲಿ ತಪ್ಪಿರಬೇಕೆಂದು ಮತ್ತೆ ಮತ್ತೆ ಅಳೆದರು. ತಪ್ಪಿರಲಿಲ್ಲ. ಹಾಗಾದರೆ ಆ ಕಲ್ಲಿನೊಳಗೆ ಇಲ್ಲಿಯವರೆಗೆ ಯಾರೂ ಕಾಣದ ಮೂಲವಸ್ತು ಇರಲೇಬೇಕು.

ಭೌತಶಾಸ್ತ್ರದ ಪ್ರಶ್ನೆ ಇಲ್ಲಿ ರಸಾಯನಶಾಸ್ತ್ರದ ಕೆಲಸವಾಯಿತು. ನಮಗೆ ಪಿಸಿಎಂಬಿಯಲ್ಲಿ ಬೆಳಿಗ್ಗೆ ಒಂದು ಲ್ಯಾಬ್, ಮಧ್ಯಾಹ್ನ ಇನ್ನೊಂದು ಲ್ಯಾಬ್. ರೆಕಾರ್ಡ್ ಬುಕ್ ಬೇರೆ, ಮೇಷ್ಟ್ರು ಬೇರೆ. ಮೇರಿ ಮಾಡಿದ್ದು ಎರಡನ್ನೂ ಒಂದೇ ಮೇಜಿನ ಮೇಲೆ. ಅದಿರನ್ನು ಆಮ್ಲದಲ್ಲಿ ಕರಗಿಸಿ, ಒಂದೊಂದೇ ಗುಂಪನ್ನು ಬೇರ್ಪಡಿಸುವುದು ನಾವು ಸಾಲ್ಟ್ ಅನಾಲಿಸಿಸ್‌ನಲ್ಲಿ ಮಾಡುವಂಥದ್ದೇ. ವ್ಯತ್ಯಾಸ ಏನೆಂದರೆ, ಪ್ರತಿ ಹಂತದಲ್ಲೂ ಯಾವ ಭಾಗ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳುತ್ತಿದ್ದದ್ದು ಬಣ್ಣವಲ್ಲ, ವಾಸನೆಯಲ್ಲ, ಆ ವಿದ್ಯುತ್ ಅಳತೆ. ಕಣ್ಣಿಗೆ ಕಾಣದ, ತೂಕಕ್ಕೆ ಸಿಗದ ವಸ್ತುವನ್ನು ಹೀಗೆ ಬೆನ್ನಟ್ಟುವ ರಸಾಯನ ವಿಜ್ಞಾನ ಅದಕ್ಕೂ ಮುಂಚೆ ಇರಲಿಲ್ಲ. ಪಿಯೆರ್ ತಮ್ಮ ಹರಳುಗಳ ಕೆಲಸ ಬದಿಗಿಟ್ಟು ಹೆಂಡತಿಯ ಕೆಲಸಕ್ಕೆ ಸೇರಿಕೊಂಡರು. 1898ರ ಜುಲೈನಲ್ಲಿ ಒಂದು ಹೊಸ ಮೂಲವಸ್ತುವನ್ನು ಪ್ರಕಟಿಸಿ, ಭೂಪಟದಲ್ಲೇ ಇಲ್ಲದ ತಮ್ಮ ನಾಡಿನ ನೆನಪಿಗೆ ಪೊಲೋನಿಯಂ ಎಂದು ಹೆಸರಿಟ್ಟರು. ಡಿಸೆಂಬರ್ 26ರಂದು ರೇಡಿಯಂ ಪ್ರಕಟವಾಯಿತು.

ಆ ವರ್ಷ ಫ್ರೆಂಚ್ ವಿಜ್ಞಾನ ಅಕಾಡೆಮಿ ಮೇರಿಯವರಿಗೆ ಗೆಗ್ನೆರ್ ಬಹುಮಾನ ಕೊಟ್ಟಿತು, 3,800 ಫ್ರಾಂಕ್. ಬಹುಮಾನ ಹೆಂಡತಿಗೆ, ಆದರೆ ಸುದ್ದಿ ತಿಳಿಸಿದ ಪತ್ರ ಗಂಡನ ಹೆಸರಿಗೆ! ಅದೇ ಬಹುಮಾನ 1900 ಮತ್ತು 1902ರಲ್ಲೂ ಬಂತು. ಹೊಸಬರಿಗೆ ಸಂಶೋಧನಾ ಅನುದಾನ ಎಂಬ ವ್ಯವಸ್ಥೆ ಇಲ್ಲದ ಕಾಲದಲ್ಲಿ ಇಂಥ ಬಹುಮಾನಗಳೇ ಅನುದಾನ.

ಭೌತ ವಿಜ್ಞಾನಿಗಳು ತಲೆದೂಗಿದರೂ ರಸಾಯನ ವಿಜ್ಞಾನಿಗಳು ಒಪ್ಪಲು ಸಿದ್ಧರಿರಲಿಲ್ಲ. ಅವರ ದೃಷ್ಟಿಯಲ್ಲಿ ಹೊಸ ಮೂಲವಸ್ತು ಎಂದರೆ ಶೀಶೆಯಲ್ಲಿ ತೋರಿಸಬೇಕು, ಪರಮಾಣು ತೂಕ ಹೇಳಬೇಕು. ತೋರಿಸಬೇಕಾದರೆ ಟನ್‌ಗಟ್ಟಲೆ ಅದಿರು ಬೇಕು. ಆ ಅದಿರು ಸಿಗುತ್ತಿದ್ದದ್ದು ಆಸ್ಟ್ರಿಯಾ ಸಾಮ್ರಾಜ್ಯದ ಯೋಆಖಿಮ್‌ಸ್ಟಾಲ್ ಗಣಿಯಲ್ಲಿ, ಅಲ್ಲಿ ಗಾಜಿಗೆ ಬಣ್ಣ ಕೊಡಲು ಯುರೇನಿಯಂ ತೆಗೆಯುತ್ತಿದ್ದರು. ಅದಿರು ದುಬಾರಿ. ಯುರೇನಿಯಂ ತೆಗೆದ ಮೇಲೆ ಉಳಿದ ಕಸ ಪೈನ್ ಕಾಡಿನಲ್ಲಿ ರಾಶಿ ಬಿದ್ದಿತ್ತು, ಅದಕ್ಕೆ ಬೆಲೆಯೇ ಇಲ್ಲ. ವಿಯೆನ್ನಾದ ವಿಜ್ಞಾನಿಯೊಬ್ಬರು ಮಧ್ಯೆ ಮಾತಾಡಿ, ಆಸ್ಟ್ರಿಯಾ ಸರ್ಕಾರದಿಂದ ಒಂದು ಟನ್ ಕಸವನ್ನು ಉಚಿತವಾಗಿ ಕೊಡಿಸಿದರು. ಸಾಗಣೆ ಖರ್ಚು ಕ್ಯೂರಿಗಳದ್ದೇ. ಗೋಣಿಚೀಲ ಬಿಚ್ಚಿದಾಗ ಕಂದು ಮಣ್ಣಿನ ಜೊತೆ ಪೈನ್ ಎಲೆಗಳೂ ಉದುರಿದವು.

ಕೆಲಸದ ಜಾಗ ಕಾಲೇಜಿನ ಅಂಗಳದ ಆಚೆಗಿದ್ದ ಒಂದು ಹಳೇ ಶೆಡ್. ಹಿಂದೆ ವೈದ್ಯಕೀಯ ವಿದ್ಯಾರ್ಥಿಗಳು ಹೆಣ ಕೊಯ್ದು ಕಲಿಯುತ್ತಿದ್ದ ಕೋಣೆ. ಗಾಜಿನ ಮಾಡು, ಮಳೆ ಬಂದರೆ ಸೋರುತ್ತಿತ್ತು. ಹೊಗೆ ಹೋಗಲು ಚಿಮಣಿ ಇಲ್ಲದ್ದರಿಂದ ಮೇರಿ ಕೊಪ್ಪರಿಗೆಗಳನ್ನು ಅಂಗಳದಲ್ಲಿಟ್ಟು ಕುದಿಸುತ್ತಿದ್ದರು. ಒಂದು ಸಲಕ್ಕೆ 20 ಕಿಲೋ. ತಮ್ಮಷ್ಟೇ ಎತ್ತರದ ಕಬ್ಬಿಣದ ಸರಳಿನಿಂದ ದಿನವಿಡೀ ತಿರುವುತ್ತಿದ್ದರು. ಅದಿರಿನಲ್ಲಿ ನೂರಕ್ಕೆ ಒಂದು ಪಾಲಾದರೂ ರೇಡಿಯಂ ಇರಬಹುದೆಂದು ಅವರು ಮೊದಲು ಎಣಿಸಿದ್ದರು. ವಾಸ್ತವದಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲೂ ಇರಲಿಲ್ಲ.

ಇದೇ ಮಾತನ್ನು ಇಂದಿನ ಅರ್ಜಿಯ ಭಾಷೆಯಲ್ಲಿ ಬರೆದು ನೋಡಿ. ಅರ್ಜಿದಾರರು: ಇನ್ನೂ ಡಾಕ್ಟರೇಟ್ ಮುಗಿಸದ ಮಹಿಳೆ, ಸಣ್ಣ ಮಗುವಿನ ತಾಯಿ, ವಿದೇಶದವರು. ತರಬೇತಿ: ಭೌತಶಾಸ್ತ್ರ. ಮಾಡಹೊರಟಿದ್ದು: ರಸಾಯನಶಾಸ್ತ್ರ. ಹುಡುಕುವ ವಸ್ತು: ಇದೆಯೋ ಇಲ್ಲವೋ ವಾದದಲ್ಲಿದೆ. ಎಷ್ಟು ಕಾಲ ಬೇಕು: ಹೇಳಲಾಗದು. ಎಷ್ಟು ಇಳುವರಿ: ಅಂದಾಜು ಹತ್ತು ಸಾವಿರ ಪಟ್ಟು ತಪ್ಪು. ಯಾವ ಸಮಿತಿ ಒಪ್ಪೀತು?

ಆದರೂ ಅಲ್ಲೊಂದು ಇಲ್ಲೊಂದು ಕೈ ಮುಂದೆ ಬಂತು. ರಸಾಯನಗಳ ಕಂಪನಿಯೊಂದು ಕಸವನ್ನು ದೊಡ್ಡ ಪ್ರಮಾಣದಲ್ಲಿ ಸಂಸ್ಕರಿಸಿಕೊಟ್ಟಿತು. 1902ರಲ್ಲಿ ಅಕಾಡೆಮಿ ವಿಕಿರಣಶೀಲ ವಸ್ತುಗಳನ್ನು ಬೇರ್ಪಡಿಸುವ ಕೆಲಸಕ್ಕೆಂದು 20,000 ಫ್ರಾಂಕ್ ತೆಗೆದಿಟ್ಟಿತು. ಆ ವರ್ಷ ಮೇರಿಯವರ ಕೈಯಲ್ಲಿ ಒಂದು ಗ್ರಾಮಿನ ಹತ್ತನೇ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್ ಇತ್ತು. ಪರಮಾಣು ತೂಕ 225 ಎಂದು ಲೆಕ್ಕ ಹಾಕಿದರು. ಇಂದಿನ ಪುಸ್ತಕದಲ್ಲಿ 226. ರಸಾಯನ ವಿಜ್ಞಾನಿಗಳು ಒಪ್ಪಿದರು.

ಶೆಡ್ಡಿನ ಕಥೆಯನ್ನು ಹೇಳುವಾಗ ಬಡತನವೇ ಸಾಧನೆಯ ಗುಟ್ಟು ಎಂಬಂತೆ ಹೇಳುವ ರೂಢಿಯಿದೆ. ನನಗೆ ಹಾಗನ್ನಿಸುವುದಿಲ್ಲ. ಸರಿಯಾದ ಲ್ಯಾಬ್ ಇದ್ದಿದ್ದರೆ ನಾಲ್ಕು ವರ್ಷದ ಕೆಲಸ ಬೇಗ ಮುಗಿಯುತ್ತಿತ್ತು. ಪಾತ್ರೆಗಳಿಗೆ ಧೂಳು ಬಿದ್ದು ಎಷ್ಟೋ ಸಲ ಮಾಡಿದ್ದೆಲ್ಲ ಹಾಳಾಗುತ್ತಿತ್ತು. ಜೀವನ ನಡೆಸಲು ಪಿಯೆರ್ ಎರಡು ಕಡೆ ಪಾಠ ಮಾಡುತ್ತಿದ್ದರು, ಮೇರಿ 1900ರಿಂದ ಸೆವ್ರ್‌ನ ಶಿಕ್ಷಕಿಯರ ಕಾಲೇಜಿಗೆ ಓಡಾಡುತ್ತಿದ್ದರು. 1903ರಲ್ಲಿ ಸರ್ಕಾರ ಪಿಯೆರ್ ಅವರಿಗೆ ಒಂದು ದೊಡ್ಡ ಗೌರವ ಪದಕ ಕೊಡಲು ಮುಂದಾದಾಗ, ತಮಗೆ ಬೇಕಿರುವುದು ಪದಕವಲ್ಲ ಪ್ರಯೋಗಾಲಯ ಎಂದು ಅವರು ನಿರಾಕರಿಸಿದರು. ಪ್ರಯೋಗಾಲಯ ಅವರಿದ್ದಾಗ ಬರಲೇ ಇಲ್ಲ.

1903ರ ಜೂನ್‌ನಲ್ಲಿ ಮೇರಿಗೆ ಡಾಕ್ಟರೇಟ್. ಅದೇ ವರ್ಷದ ಕೊನೆಗೆ ಬೆಕ್ವೆರೆಲ್ ಜೊತೆ ದಂಪತಿಗೆ ಭೌತಶಾಸ್ತ್ರದ ನೊಬೆಲ್. ಫ್ರಾನ್ಸಿನಿಂದ ಹೋದ ಶಿಫಾರಸಿನಲ್ಲಿ ಮೇರಿಯವರ ಹೆಸರೇ ಇರಲಿಲ್ಲ. ಸ್ವೀಡನ್ನಿನ ಗಣಿತಜ್ಞರೊಬ್ಬರು ಮೊದಲೇ ಸುಳಿವು ಕೊಟ್ಟು, ಪಿಯೆರ್ ಪತ್ರ ಬರೆದ ಮೇಲೆ ಅದು ಸೇರಿತು. ಅವರ ಪಾಲಿಗೆ ಬಂದ ಹಣ ಸುಮಾರು 70,000 ಫ್ರಾಂಕ್. ಅದು ಹೋದದ್ದು ಹೀಗೆ: ಒಬ್ಬ ಪ್ರಯೋಗಾಲಯ ಸಹಾಯಕನ ಸಂಬಳಕ್ಕೆ, ಪೋಲೆಂಡಿನಲ್ಲಿ ಅಕ್ಕ ಬ್ರೋನ್ಯಾ ದಂಪತಿ ಕಟ್ಟುತ್ತಿದ್ದ ಕ್ಷಯರೋಗದ ಆಸ್ಪತ್ರೆಗೆ, ಪೋಲಿಷ್ ವಿದ್ಯಾರ್ಥಿಗಳಿಗೆ. ವಾರ್ಸಾದಲ್ಲಿ ತನಗೆ ಫ್ರೆಂಚ್ ಕಲಿಸಿದ್ದ ಟೀಚರಿಗೆ ತವರಿನ ಸಮುದ್ರ ತೀರದ ಊರನ್ನು ಇನ್ನೊಮ್ಮೆ ನೋಡುವ ಆಸೆ ಇತ್ತು. ಅವರ ಪ್ರಯಾಣದ ಖರ್ಚೂ ಇದರಲ್ಲೇ. ತಮ್ಮ ಮನೆಗೆ ಮಾಡಿಸಿಕೊಂಡದ್ದು ಒಂದು ಸ್ನಾನದ ಕೋಣೆ, ಒಂದು ಕೋಣೆಯ ಗೋಡೆಗೆ ಹೊಸ ಕಾಗದ. ರೇಡಿಯಂ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದರೆ ಕೋಟ್ಯಧಿಪತಿಗಳಾಗಬಹುದಿತ್ತು. ಪಡೆಯಲಿಲ್ಲ, ಕೇಳಿದವರಿಗೆಲ್ಲ ವಿಧಾನ ಬರೆದು ಕಳಿಸಿದರು.

1906ರ ಏಪ್ರಿಲ್ 19ರಂದು ಮಳೆಯಲ್ಲಿ ರಸ್ತೆ ದಾಟುವಾಗ ಪಿಯೆರ್ ಕುದುರೆ ಗಾಡಿಯಡಿ ಸಿಕ್ಕಿ ತೀರಿಕೊಂಡರು. ಸರ್ಕಾರ ಕೊಡಹೊರಟ ಪಿಂಚಣಿಯನ್ನು ಮೇರಿ ಬೇಡವೆಂದರು. ಗಂಡನ ಪಾಠದ ಹುದ್ದೆ ಅವರಿಗೆ ಬಂತು. ಸೊರ್ಬೋನ್‌ನಲ್ಲಿ ಪಾಠ ಮಾಡಿದ ಮೊದಲ ಮಹಿಳೆ ಅವರು. ಪಿಯೆರ್ ನಿಲ್ಲಿಸಿದ್ದ ವಾಕ್ಯದಿಂದಲೇ ತಮ್ಮ ಮೊದಲ ತರಗತಿ ಶುರುಮಾಡಿದರು.

ಇಲ್ಲಿಂದ ಲೆಕ್ಕ ತಿರುಗುತ್ತದೆ. ಪಡೆಯುವವರಾಗಿದ್ದವರು ಕೊಡಿಸುವವರಾದರು. 1907ರಲ್ಲಿ ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ 50,000 ಡಾಲರ್ ಕೊಟ್ಟರು. ಆ ಹಣದಿಂದ ಕ್ಯೂರಿ ಹೆಸರಿನ ಫೆಲೋಶಿಪ್‌ಗಳು ಶುರುವಾಗಿ, ಯುವ ಸಂಶೋಧಕರು ಸಂಬಳದ ಚಿಂತೆಯಿಲ್ಲದೆ ಅವರ ಪ್ರಯೋಗಾಲಯಕ್ಕೆ ಬರುವಂತಾಯಿತು. 1911 ಅವರಿಗೆ ಕಹಿ ವರ್ಷ. ಅಕಾಡೆಮಿಯ ಸದಸ್ಯತ್ವದ ಚುನಾವಣೆಯಲ್ಲಿ ಕೂದಲೆಳೆಯಲ್ಲಿ ಸೋತರು. ಪತ್ರಿಕೆಗಳು ಅವರ ಖಾಸಗಿ ಬದುಕನ್ನು ಬೀದಿಗೆಳೆದವು. ಆ ಗದ್ದಲದ ನಡುವೆಯೇ ರಸಾಯನಶಾಸ್ತ್ರದ ನೊಬೆಲ್ ಬಂತು. ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದರು.

1914ರಲ್ಲಿ ಕೊನೆಗೂ ಪ್ಯಾರಿಸ್‌ನಲ್ಲಿ ರೇಡಿಯಂ ಇನ್‌ಸ್ಟಿಟ್ಯೂಟ್ ಕಟ್ಟಡ ಎದ್ದಿತು. ವಿಶ್ವವಿದ್ಯಾಲಯ ಮತ್ತು ಪಾಶ್ಚರ್ ಸಂಸ್ಥೆ ತಲಾ 4 ಲಕ್ಷ ಫ್ರಾಂಕ್ ಹಾಕಿದ್ದವು. ಒಂದು ಭಾಗದಲ್ಲಿ ಮೇರಿಯವರ ಭೌತ-ರಸಾಯನ ಪ್ರಯೋಗಾಲಯ, ಇನ್ನೊಂದರಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ರೇಡಿಯಂ ಬಳಸುವ ವೈದ್ಯ ಸಂಶೋಧನೆ. ಒಂದೇ ಆವರಣದಲ್ಲಿ ಮೂರು ವಿಜ್ಞಾನ. ಅಷ್ಟರಲ್ಲಿ ಮಹಾಯುದ್ಧ. ಮೇರಿ 20 ಎಕ್ಸ್-ರೇ ವಾಹನಗಳನ್ನು, 200 ಎಕ್ಸ್-ರೇ ಕೋಣೆಗಳನ್ನು ಸಜ್ಜುಮಾಡಿ, ತಾವೇ ಡ್ರೈವಿಂಗ್ ಕಲಿತು, ಹದಿಹರೆಯದ ಐರೀನ್‌ಳನ್ನು ಜೊತೆಗೆ ಕರೆದುಕೊಂಡು ಯುದ್ಧಭೂಮಿಯ ಆಸ್ಪತ್ರೆಗಳಿಗೆ ಹೋದರು. ಎರಡನೇ ನೊಬೆಲ್ ಹಣ ಯುದ್ಧದ ಬಾಂಡಿನಲ್ಲಿ ಕರಗಿತು.

ಯುದ್ಧ ಮುಗಿದಾಗ ಅವರ ಸಂಸ್ಥೆಯಲ್ಲಿದ್ದ ರೇಡಿಯಂ ಒಂದು ಗ್ರಾಮ್ ಮಾತ್ರ. ಒಂದು ಗ್ರಾಮಿನ ಬೆಲೆ 1 ಲಕ್ಷ ಡಾಲರ್. ಅಮೆರಿಕದ ಪತ್ರಕರ್ತೆ ಮಿಸ್ಸಿ ಮೆಲೋನಿ ಇದನ್ನು ತಿಳಿದು, ತಮ್ಮ ದೇಶದ ಮಹಿಳೆಯರಿಂದ ಚಂದಾ ಎತ್ತಿ ಇನ್ನೊಂದು ಗ್ರಾಮ್ ಕೊಡಿಸಿದರು. 1921ರ ಮೇ 20ರಂದು ಶ್ವೇತಭವನದಲ್ಲಿ ಅಧ್ಯಕ್ಷ ಹಾರ್ಡಿಂಗ್ ಅದನ್ನು ಅರ್ಪಿಸುವ ಸಮಾರಂಭ. ಹಿಂದಿನ ರಾತ್ರಿ ದಾನಪತ್ರ ಓದಿದ ಮೇರಿ ಅದನ್ನು ತಿದ್ದಬೇಕೆಂದು ಹಟಹಿಡಿದರು. ರೇಡಿಯಂ ಮೇರಿ ಕ್ಯೂರಿ ಎಂಬ ವ್ಯಕ್ತಿಗೆ ಎಂದು ಅದರಲ್ಲಿ ಬರೆದಿತ್ತು. ಹಾಗಾದರೆ ತಾನು ಸತ್ತ ಮೇಲೆ ಅದು ಹೆಣ್ಣುಮಕ್ಕಳ ಸ್ವಂತ ಆಸ್ತಿಯಾಗುತ್ತದೆ, ಅದು ಪ್ರಯೋಗಾಲಯದ್ದಾಗಬೇಕು. ಬೆಳಿಗ್ಗೆ ನೋಡೋಣ ಎಂದವರ ಮಾತು ಕೇಳಲಿಲ್ಲ, ರಾತ್ರಿಯೇ ವಕೀಲರನ್ನು ಹುಡುಕಿ ಕರೆತಂದು ಪತ್ರ ಬದಲಾಯಿಸಿದರು. ವಾರ್ಸಾಕ್ಕೆ 600 ರೂಬಲ್ ಕಳಿಸಿದ ಹುಡುಗಿಯೇ ಇವರು ಎಂದು ಇಲ್ಲಿ ಥಟ್ಟನೆ ನೆನಪಾಗುತ್ತದೆ. 1929ರಲ್ಲಿ ಎರಡನೇ ಸಲ ಅಮೆರಿಕಕ್ಕೆ ಹೋಗಿ ಪಡೆದ 50,000 ಡಾಲರಿನಿಂದ ವಾರ್ಸಾದ ರೇಡಿಯಂ ಸಂಸ್ಥೆಗೆ ಒಂದು ಗ್ರಾಮ್ ಬಂತು. 1932ರಲ್ಲಿ ಆ ಸಂಸ್ಥೆ ತೆರೆಯಿತು, ಒಂದು ಕಾಲದಲ್ಲಿ ಅವರನ್ನು ಕಾಲೇಜಿಗೆ ಸೇರಿಸಿಕೊಳ್ಳದ ನಗರದಲ್ಲೇ.

1922ರಿಂದ ಮೇರಿ ರಾಷ್ಟ್ರಸಂಘದ ಬೌದ್ಧಿಕ ಸಹಕಾರ ಸಮಿತಿಯಲ್ಲಿದ್ದರು, ಐನ್‌ಸ್ಟೈನ್ ಕೂಡ ಅದರ ಸದಸ್ಯರು. ಸಭೆಗಳೆಂದರೆ ಬೇಸರಪಡುತ್ತಿದ್ದ ಮೇರಿ ಅಲ್ಲಿ ಬಿಡದೆ ಹಿಡಿದ ವಿಷಯಗಳಲ್ಲಿ ಒಂದು, ವಿಜ್ಞಾನದ ಯುವ ಸಂಶೋಧಕರಿಗೆ ಅಂತರರಾಷ್ಟ್ರೀಯ ವಿದ್ಯಾರ್ಥಿವೇತನ ಬೇಕೆಂಬುದು. ಬಡವರ ಮನೆಯ ಪ್ರತಿಭೆ ಹಣವಿಲ್ಲದೆ ಮುಗಿದುಹೋಗುವುದನ್ನು ಅವರು ಸಮಾಜದ ನಷ್ಟವೆಂದೇ ಲೆಕ್ಕ ಹಾಕುತ್ತಿದ್ದರು, ದಾನಧರ್ಮದ ಪ್ರಶ್ನೆಯಾಗಿ ಅಲ್ಲ.

ವರ್ಷಗಟ್ಟಲೆ ಮೈಮೇಲೆ ಬಿದ್ದ ವಿಕಿರಣ ರಕ್ತವನ್ನು ಕೆಡಿಸಿತ್ತು. 1934ರ ಜುಲೈ 4ರಂದು ಫ್ರಾನ್ಸಿನ ಬೆಟ್ಟದ ಮೇಲಿನ ಆಸ್ಪತ್ರೆಯೊಂದರಲ್ಲಿ ಅವರು ತೀರಿಕೊಂಡರು. ಅವರ ನೋಟ್‌ಬುಕ್ಕುಗಳು ಇಂದಿಗೂ ವಿಕಿರಣ ಸೂಸುತ್ತವೆ, ಸೀಸದ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ಈಗ ಯುರೋಪಿಯನ್ ಒಕ್ಕೂಟ ಸಂಶೋಧಕರಿಗೆ ಕೊಡುವ ದೊಡ್ಡ ಅನುದಾನ ಯೋಜನೆಗೆ ಇರುವುದು ಅವರದೇ ಹೆಸರು, ಮದುವೆಗೆ ಮುಂಚಿನ ಪೋಲಿಷ್ ಹೆಸರೂ ಸೇರಿ: ಮೇರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ. ಯಾವ ದೇಶದವರೂ ಅರ್ಜಿ ಹಾಕಬಹುದು, ಭಾರತದವರೂ ಪಡೆದಿದ್ದಾರೆ. ಡಾಕ್ಟರೇಟ್ ನಂತರದ ಫೆಲೋಶಿಪ್‌ನಲ್ಲಿ ವಿಷಯವನ್ನು ಮೇಲಿನವರು ಕೊಡುವುದಿಲ್ಲ, ಅರ್ಜಿದಾರರೇ ಆರಿಸಿಕೊಳ್ಳಬೇಕು. ಡಾಕ್ಟರೇಟ್ ಆಗಿ ಸಾಮಾನ್ಯವಾಗಿ ಎಂಟು ವರ್ಷ ದಾಟಿರಬಾರದು. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗಿ ಕೆಲಸ ಮಾಡಬೇಕು, ಒಂದು ಶಾಸ್ತ್ರದಿಂದ ಇನ್ನೊಂದಕ್ಕೆ ದಾಟುವುದಕ್ಕೂ ಪ್ರೋತ್ಸಾಹವಿದೆ. ನಮಗೆ ಅದು ದೂರದ ಮಾತು, ಮೊದಲು ಪಿಯುಸಿ ದಾಟಬೇಕು! ಆದರೂ ಹೆಸರು ತಿಳಿದಿರಲಿ.

ಮೇರಿಯವರ ಪ್ರಯೋಗಾಲಯಕ್ಕೆ 1929ರಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ಕೆಲಸ ಕೇಳಿ ಬಂದಿದ್ದಳು. ಹೆಸರು ಮಾರ್ಗರೀಟ್ ಪೆರೇ. ತಂದೆ ತೀರಿಹೋಗಿದ್ದರು, ಪದವಿ ಓದಲು ಅನುಕೂಲವಿರಲಿಲ್ಲ, ಕೈಯಲ್ಲಿದ್ದದ್ದು ರಸಾಯನಶಾಸ್ತ್ರದ ಒಂದು ಡಿಪ್ಲೊಮಾ. ಮೇರಿ ಅವಳನ್ನು ಸಹಾಯಕಿಯಾಗಿ ಸೇರಿಸಿಕೊಂಡು, ಆಕ್ಟಿನಿಯಂ ಶುದ್ಧಮಾಡುವುದನ್ನು ಕಲಿಸಿದರು. 1939ರಲ್ಲಿ, ಮೇರಿ ಸತ್ತು ಐದು ವರ್ಷವಾದ ಮೇಲೆ, ಪೆರೇ ಅದೇ ಆಕ್ಟಿನಿಯಂನಲ್ಲಿ 87ನೇ ಮೂಲವಸ್ತುವನ್ನು ಕಂಡುಹಿಡಿದರು. ಅದು ಫ್ರಾನ್ಸಿಯಂ, ನಮ್ಮ ಕೋಷ್ಟಕದ ಎಡಗಡೆಯ ಕಾಲಮಿನಲ್ಲಿ ಸೀಸಿಯಂನ ಕೆಳಗಿದೆ. ಆ ದಿನ ಅವರ ಬಳಿ ಪದವಿ ಇರಲಿಲ್ಲ. ಆಮೇಲೆ ಅನುದಾನ ಸಿಕ್ಕಿತು, ಸೊರ್ಬೋನ್‌ನಲ್ಲಿ ಓದಿದರು, 1946ರಲ್ಲಿ ಡಾಕ್ಟರೇಟ್ ಪಡೆದರು. 1962ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಮೊದಲ ಬಾರಿಗೆ ಒಬ್ಬ ಮಹಿಳೆಯನ್ನು ತನ್ನ ಬಾಹ್ಯ ಸದಸ್ಯೆಯಾಗಿ ಆರಿಸಿತು. ಆ ಮಹಿಳೆ ಪೆರೇ.